ಜುಲೈ ಕೊನೆಗೆ ಅಥೆನ್ಸ್‌ನಿಂದ ಸ್ಯಾಂಟೊರಿನಿಗೆ ಹಾಯಿದೋಣಿ: ಏಳು ದಿನ ಸಾಕಾ?

ಗಾಳಿಪಟ (ಪ್ರಶ್ನೆ)
ಒಟ್ಟು ಆರು ಜನ, ಇಬ್ಬರ ಹತ್ತಿರ ಬ್ರಿಟನ್ನಿನ ಆರ್‌ವೈಎ ಸಂಸ್ಥೆಯ ಡೇ ಸ್ಕಿಪ್ಪರ್ (ದೋಣಿ ನಡೆಸುವ ನಾಯಕ) ಪ್ರಮಾಣಪತ್ರ ಇದೆ. ಬಾಡಿಗೆಗೆ 40 ಅಡಿಯ ದೋಣಿ, ಸ್ಕಿಪ್ಪರ್ ಬೇಡ, ನಾವೇ ನಡೆಸುವುದು. ಶನಿವಾರದಿಂದ ಶನಿವಾರ, ಜುಲೈ ಕೊನೆಯ ವಾರ. ಹೊರಡುವುದು ಅಥೆನ್ಸ್‌ನ ಆಲಿಮೋಸ್ ಮರೀನಾದಿಂದ. ದಾರಿ: ಮಿಕೊನೋಸ್, ಪಾರೋಸ್, ಸ್ಯಾಂಟೊರಿನಿ, ವಾಪಸ್ ಆಲಿಮೋಸ್. ನಕ್ಷೆಯಲ್ಲಿ ಎಲ್ಲ ಹತ್ತಿರ ಹತ್ತಿರ ಕಾಣುತ್ತದೆ. ಆಗುತ್ತದಾ? ದ್ವೀಪಗಳ ಇತಿಹಾಸವೂ ಗೊತ್ತಿದ್ದವರು ಬರೆಯಿರಿ. ವೀಸಾ, ಕಾಗದಪತ್ರದ ಬಗ್ಗೆಯೂ ಹೇಳಿ.

ಬಡಗಣಗಾಳಿ
ಆಗುವುದಿಲ್ಲ. ಮೊದಲು ದಿನ ಎಣಿಸಿ. ಶನಿವಾರ ಸಂಜೆ ಐದಕ್ಕೆ ದೋಣಿ ಕೈಗೆ ಬರುತ್ತದೆ. ಸಾಮಾನು ತುಂಬಿ, ಪಟ್ಟಿ ಹಿಡಿದು ಒಂದೊಂದನ್ನೂ ಪರೀಕ್ಷಿಸಿ ಮುಗಿಸುವಷ್ಟರಲ್ಲಿ ಕತ್ತಲು. ಮರಳಿಸುವುದು ಶನಿವಾರ ಬೆಳಗ್ಗೆಯಾದರೂ ಶುಕ್ರವಾರ ಸಂಜೆಯೇ ಮರೀನಾದ ಒಳಗಿರಬೇಕು ಎಂದು ಒಪ್ಪಂದದಲ್ಲಿ ಬರೆದಿರುತ್ತಾರೆ. ಏಳು ದಿನ ಅಂದದ್ದು ಆರಾಯಿತು.

ಈಗ ದೂರ. ಆಲಿಮೋಸ್‌ನಿಂದ ಮಿಕೊನೋಸ್ ಸುಮಾರು 90 ನಾಟಿಕಲ್ ಮೈಲು, ಅಲ್ಲಿಂದ ಪಾರೋಸ್ 20, ಪಾರೋಸ್‌ನಿಂದ ಸ್ಯಾಂಟೊರಿನಿ 45, ಸ್ಯಾಂಟೊರಿನಿಯಿಂದ ಆಲಿಮೋಸ್ 125. ಹೆಚ್ಚುಕಡಿಮೆ 280. ದಿನಕ್ಕೆ 47 ಮೈಲು, ಐದೂವರೆ ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲು) ವೇಗದಲ್ಲಿ ಎಂಟೂವರೆ ಗಂಟೆ. ಗಾಳಿ ನಿಮ್ಮ ಮಾತು ಕೇಳಿದರೆ ಇದು. ಜುಲೈ ಕೊನೆಯಲ್ಲಿ ಅದು ಕೇಳುವುದಿಲ್ಲ, ಯಾಕೆಂದರೆ ಮೆಲ್ಟೆಮಿ.

ಮೆಲ್ಟೆಮಿ ಬಡಗಣ ಗಾಳಿ. ಏಜಿಯನ್ ಸಮುದ್ರದ ಉತ್ತರ ಭಾಗದಲ್ಲಿ ಈಶಾನ್ಯದಿಂದ, ಸಿಕ್ಲಡೀಸ್ ದ್ವೀಪಗಳಲ್ಲಿ ನೇರ ಉತ್ತರದಿಂದ, ರೋಡ್ಸ್ ಕಡೆಗೆ ವಾಯವ್ಯದಿಂದ ಬೀಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರುತ್ತದೆ, ಜುಲೈ ಆಗಸ್ಟ್‌ನಲ್ಲಿ ಜೋರು. ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪನದಲ್ಲಿ 5-6 ಮಾಮೂಲು, 7-8 ಅಪರೂಪವಲ್ಲ. ಅಂದರೆ 17ರಿಂದ 27 ನಾಟ್ ಸಾಮಾನ್ಯ, 30 ದಾಟಿದರೆ ಆಶ್ಚರ್ಯ ಪಡಬೇಡಿ. ಒಮ್ಮೆ ಹಿಡಿದರೆ ಮೂರು ದಿನ ಬಿಡದಿರಬಹುದು, ವಾರವೂ ಬಿಡದಿರಬಹುದು. ಆಕಾಶ ಮಾತ್ರ ತಿಳಿ ನೀಲಿ. ಮಳೆಗಾಲದ ಅರಬ್ಬಿ ಸಮುದ್ರದ ಹಾಗೆ ಮೋಡ ಕಟ್ಟಿ ಎಚ್ಚರಿಸುವ ಪದ್ಧತಿ ಇಲ್ಲಿಲ್ಲ.

ಹೋಗುವಾಗ ಈ ಗಾಳಿ ಬೆನ್ನಿಗಿರುತ್ತದೆ. ದೋಣಿ ಹಾರಿಕೊಂಡು ಹೋಗುತ್ತದೆ, ಎಲ್ಲರಿಗೂ ಖುಷಿ. ಸ್ಯಾಂಟೊರಿನಿಯಿಂದ ಸೂನಿಯೋ ಭೂಶಿರಕ್ಕೆ ಹಿಂದಿರುಗುವ 100 ಮೈಲು ಇರುವುದು ವಾಯವ್ಯ ದಿಕ್ಕಿಗೆ. ಬಾಡಿಗೆ ದೋಣಿ ಅಲೆಯಲ್ಲಿ ಗಾಳಿಗೆ 55 ಡಿಗ್ರಿಗಿಂತ ಹತ್ತಿರ ಹೋಗದು. ಟ್ಯಾಕ್ ಮಾಡುತ್ತಾ (ಅಂಕುಡೊಂಕಾಗಿ ತಿರುಗುತ್ತಾ) ಹೋದರೆ ನಕ್ಷೆಯ 100 ಮೈಲು ನೀರಿನ ಮೇಲೆ 130 ಆಗುತ್ತದೆ. ಎದುರು ಅಲೆಗೆ ಐದು ನಾಟ್ ಸಿಕ್ಕರೆ 26 ಗಂಟೆ. ನೇರ ಉತ್ತರಕ್ಕೇ ಹೋಗಬೇಕಾದ ಕಡೆ ಲೆಕ್ಕ ಇನ್ನೂ ಕೆಟ್ಟದು, ಪ್ರತಿ 10 ಮೈಲಿಗೆ 17. ಶುಕ್ರವಾರ ಸಂಜೆಯ ಗಡುವು ಹಿಂದೆ ಬಿದ್ದಾಗ ಜನ ಹೊರಡಬಾರದ ಗಾಳಿಯಲ್ಲಿ ಹೊರಡುತ್ತಾರೆ. ಅನಾಹುತ ಆಗುವುದು ಅಲ್ಲೇ.

ಮರಳಿ ಬರುವ ದಾರಿಯನ್ನು ಮೊದಲು ಹಾಕಿ, ಹೋಗುವ ದಾರಿಯನ್ನು ಆಮೇಲೆ.

ತೆಂಕಪೇಟೆ
ಬಡಗಣಗಾಳಿಯವರು ಸ್ವಲ್ಪ ಹೆದರಿಸಿಬಿಟ್ಟರು. ಮೆಲ್ಟೆಮಿ ದಿನಾ ಇರುವುದಿಲ್ಲವಲ್ಲ? ಸೌಮ್ಯವಾಗಿದ್ದಾಗ ಅದಕ್ಕೂ ವೇಳಾಪಟ್ಟಿ ಇದೆ: ರಾತ್ರಿ ಇಳಿಯುತ್ತದೆ, ಬೆಳಗ್ಗೆ ಹತ್ತು ಹನ್ನೊಂದಕ್ಕೆ ಏಳುತ್ತದೆ, ಮಧ್ಯಾಹ್ನದ ಮೇಲೆ ತುದಿಗೇರುತ್ತದೆ. ಬೆಳಗಿನ ಐದಕ್ಕೆ ಲಂಗರು ಎತ್ತಿದರೆ ಎಂಜಿನ್ ಮೇಲೆ 25-30 ಮೈಲು ಮುಗಿಸಬಹುದು.

ಬಡಗಣಗಾಳಿ
ಸೌಮ್ಯ ದಿನಗಳಿಗೆ ಆ ಮಾತು ಸರಿ. ಜೋರು ಹಿಡಿದಾಗ ಅದಕ್ಕೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಮುನ್ಸೂಚನೆ ನೋಡುವಾಗ ಸರಾಸರಿ ಗಾಳಿಯನ್ನಷ್ಟೇ ನೋಡಬೇಡಿ, ರಭಸದ ಅಂಕಿಯನ್ನೂ ನೋಡಿ. ಇಡೀ ಸಮುದ್ರದ ನಕ್ಷೆಗಳಲ್ಲಿ ದ್ವೀಪಗಳ ನಡುವಿನ ಕಿರಿದಾದ ದಾರಿಗಳು ಸರಿಯಾಗಿ ಮೂಡುವುದಿಲ್ಲ. ಎವಿಯಾ ಮತ್ತು ಆಂಡ್ರೋಸ್ ನಡುವಿನ ಕಾಫಿರೆಯಾಸ್ ಜಲಸಂಧಿ (ನಾವಿಕರ ಬಾಯಲ್ಲಿ ಕಾವೊ ಡೋರೊ), ಟಿನೋಸ್-ಮಿಕೊನೋಸ್ ನಡುವಿನ ಕಂಡಿ, ಇಂಥಲ್ಲಿ ಹೇಳಿದ್ದಕ್ಕಿಂತ 5-10 ನಾಟ್ ಹೆಚ್ಚೇ ಸಿಗುತ್ತದೆ ಎಂದು ಲೆಕ್ಕ ಹಾಕಿ. ಗ್ರೀಕ್ ಹವಾಮಾನ ಇಲಾಖೆಯ ಸಮುದ್ರ ವರದಿ, ಪೊಸೈಡನ್ ವ್ಯವಸ್ಥೆಯ ಅಲೆ-ಗಾಳಿ ನಕ್ಷೆ, ಎರಡನ್ನೂ ಹೋಲಿಸಿ. ಎರಡೂ ಬೇರೆ ಬೇರೆ ಹೇಳಿದರೆ ಕೆಟ್ಟದ್ದನ್ನು ನಂಬಿ.

ಓಲೆಗರಿ
ಈ ಗಾಳಿಗೂ ನಮ್ಮ ಮುಂಗಾರಿಗೂ ನಂಟಿದೆ. ಬೇಸಿಗೆಯಲ್ಲಿ ವಾಯವ್ಯ ಭಾರತ ಮತ್ತು ಪಾಕಿಸ್ತಾನದ ಮೇಲೆ ಏಳುವ ಬಿಸಿ ಕಡಿಮೆ ಒತ್ತಡದ ಪ್ರದೇಶ ಇರಾನ್ ಮೇಲೆ ಹಾದು ಟರ್ಕಿಯವರೆಗೂ ನಾಲಗೆ ಚಾಚುತ್ತದೆ. ಬಾಲ್ಕನ್ ಕಡೆ ಹೆಚ್ಚು ಒತ್ತಡ. ಇವೆರಡರ ನಡುವೆ ನುಗ್ಗುವ ಗಾಳಿಯೇ ಮೆಲ್ಟೆಮಿ. ಆಗುಂಬೆಯಲ್ಲಿ ಮಳೆ ಹೊಯ್ಯುವ ತಿಂಗಳುಗಳಲ್ಲೇ ಅಲ್ಲಿ ಒಣಗಾಳಿ.

ಹಳೆಯ ಗ್ರೀಕರು ಇದನ್ನು ಎಟೀಸಿಯನ್ ಅಂದರು. ‘ಎಟೋಸ್’ ಎಂದರೆ ವರ್ಷ. ವರ್ಷವರ್ಷವೂ ತಪ್ಪದೆ ಬರುವುದು ಎಂದು ಅರ್ಥ. ಕ್ರಿ.ಪೂ. 351ರಲ್ಲಿ ಭಾಷಣಕಾರ ಡೆಮಾಸ್ತನೀಸ್ ಅಥೆನ್ಸ್ ಜನರಿಗೆ ಹೇಳಿದ್ದೂ ಇದನ್ನೇ. ಮ್ಯಾಸಿಡೋನಿಯಾದ ದೊರೆ ಫಿಲಿಪ್ ಈ ಗಾಳಿಯನ್ನೋ ಚಳಿಗಾಲವನ್ನೋ ಕಾದು ದಾಳಿ ಮಾಡುತ್ತಾನೆ, ಆ ಹೊತ್ತಿಗೆ ನಮ್ಮ ಹಡಗುಗಳು ಉತ್ತರಕ್ಕೆ ಹೋಗಲಾರವು ಎಂದು. ಗಾಳಿ ಬಂದಾಗ ತೂರಿಕೊಂಡವನು ಫಿಲಿಪ್.

ಮಲ್ಪೆಧಕ್ಕೆ
ಓಲೆಗರಿಯವರೇ, ಗ್ರೀಕರ ವಿಷಯ ಬಂತು ಅಂದಮೇಲೆ ಆಕ್ಸಿರಿಂಕಸ್ ಪಪೈರಸ್‌ನಲ್ಲಿ ಸಿಕ್ಕ ಹಳೆಯ ಗ್ರೀಕ್ ಪ್ರಹಸನದ ‘ಕನ್ನಡ’ ಮಾತು ಬರಲೇಬೇಕಲ್ಲ?

ಓಲೆಗರಿ
ಬರಬಹುದು, ಆದರೆ ಈ ಚರ್ಚೆಯಲ್ಲಿ ಬೇಡ. ಅದು ಸಿಕ್ಕಿದ್ದು ಈಜಿಪ್ಟ್‌ನಲ್ಲಿ. ಅದರ ಮಾತುಗಳು ಕನ್ನಡ ಇರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲಿ ಹೇಳಿದ, ಶಾಮಾಶಾಸ್ತ್ರಿ, ಗೋವಿಂದ ಪೈ ಮುಂದುವರಿಸಿದರು, ಎಲ್ಲರೂ ಒಪ್ಪಿಲ್ಲ. ಪ್ರಶ್ನೆ ಕೇಳಿದವರು ದೋಣಿ ಕಟ್ಟುವುದು ಹೇಗೆ ಅಂತ ಕಾಯುತ್ತಿದ್ದಾರೆ.

ಲಂಗರುಸರಪಳಿ
ಕಟ್ಟುವುದರ ಬಗ್ಗೆ ನಾನು ಬರೆಯುತ್ತೇನೆ, ಹೊಸಬರ ಮಾನ ಹೋಗುವುದು ಅಲ್ಲೇ. ಗ್ರೀಕ್ ದ್ವೀಪಗಳ ಬಂದರಿನಲ್ಲಿ ಧಕ್ಕೆಗೆ ಪಕ್ಕ ಕೊಟ್ಟು ನಿಲ್ಲುವುದು ಕಡಿಮೆ. ಮುಂದೆ ಲಂಗರು ಬಿಟ್ಟು, ಹಿಮ್ಮುಖವಾಗಿ ಬಂದು, ದೋಣಿಯ ಹಿಂಭಾಗವನ್ನು ಧಕ್ಕೆಗೆ ಕಟ್ಟಬೇಕು. 40 ಅಡಿ, ಅಂದರೆ 12 ಮೀಟರ್ ದೋಣಿಗೆ ಲೆಕ್ಕ ಹೇಳುತ್ತೇನೆ.

ಬಂದರಿನ ಹೊರಗೇ ತಯಾರಿ ಮುಗಿಸಿ. ಎರಡೂ ಪಕ್ಕಕ್ಕೆ ಫೆಂಡರ್ (ಗುದ್ದು ತಡೆಯುವ ಮೆತ್ತೆ), ಹಿಂದೆ ಒಂದು ದೊಡ್ಡದು. ಹಿಂಭಾಗದ ಎರಡೂ ಮೂಲೆಯಲ್ಲಿ ಉದ್ದ ಹಗ್ಗ: ಕ್ಲೀಟ್‌ಗೆ (ಹಗ್ಗ ಕಟ್ಟುವ ಗೂಟಕ್ಕೆ) ಕಟ್ಟಿ, ದೋಣಿಯಂಚಿನ ಬೇಲಿಯ ತಂತಿಯ ಹೊರಗಿನಿಂದ ತಂದು, ಸುರುಳಿ ಮಾಡಿ ಕೈಯಲ್ಲಿ ಹಿಡಿದಿರಬೇಕು. ತಂತಿಯ ಒಳಗಿಂದ ಎಸೆದ ಹಗ್ಗ ಬಿಗಿಯಾದಾಗ ತಂತಿಯನ್ನೇ ಕಿತ್ತುಕೊಂಡು ಹೋಗುತ್ತದೆ. ಲಂಗರು ಅದರ ಗೂಡಿನಿಂದ ಅರ್ಧ ಮೀಟರ್ ಕೆಳಗೆ ಇಳಿದು ತೂಗುತ್ತಿರಲಿ, ಸಿಕ್ಕಿಕೊಂಡಿದೆಯೋ ಎಂದು ಆಗಲೇ ಗೊತ್ತಾಗುತ್ತದೆ.

ನಿಮ್ಮ ಜಾಗದ ಎದುರಿಗೆ ನೇರ ಬನ್ನಿ, ಧಕ್ಕೆಯಿಂದ ಮೂರು ನಾಲ್ಕು ದೋಣಿಯುದ್ದ ದೂರ, ಅಂದರೆ 40-45 ಮೀಟರ್. ಅಡ್ಡಗಾಳಿ ಇದ್ದರೆ ಲಂಗರನ್ನು ಜಾಗದ ನೇರಕ್ಕಿಂತ ಸ್ವಲ್ಪ ಗಾಳಿ ಬರುವ ಕಡೆಗೆ ಬಿಡಿ. ಹಿಮ್ಮುಖ ಹೋಗುತ್ತಲೇ ಬಿಡಬೇಕು. ನಿಂತು ಬಿಟ್ಟರೆ ಸರಪಳಿ ಲಂಗರಿನ ಮೇಲೇ ಗುಡ್ಡೆಯಾಗಿ ಬೀಳುತ್ತದೆ. ಹಿಮ್ಮುಖದಲ್ಲಿ ಎರಡು ನಾಟ್ ಇಲ್ಲದಿದ್ದರೆ ಚುಕ್ಕಾಣಿಗೆ ಹಿಡಿತವಿಲ್ಲ. ಚಕ್ರವನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿಯಿರಿ, ಹಿಮ್ಮುಖದಲ್ಲಿ ಅದು ಒದೆಯುತ್ತದೆ. ಬಲಕ್ಕೆ ಸುತ್ತುವ ಪ್ರೊಪೆಲರ್ ಇದ್ದರೆ ಹಿಮ್ಮುಖ ಹಾಕಿದ ಕ್ಷಣ ಹಿಂಭಾಗ ಎಡಕ್ಕೆ ಎಳೆಯುತ್ತದೆ, ವೇಗ ಸಿಕ್ಕಮೇಲೆ ಸರಿಹೋಗುತ್ತದೆ.

ಧಕ್ಕೆಯಿಂದ ಒಂದು ದೋಣಿಯುದ್ದ ಇರುವಾಗ ಮುಂದೆ ನಿಂತವರು ಸರಪಳಿಯನ್ನು ಸ್ವಲ್ಪ ತಡೆಯಬೇಕು. ಲಂಗರು ಕಚ್ಚಿದೆಯೋ ಇಲ್ಲವೋ ಆಗ ತಿಳಿಯುತ್ತದೆ. ಕಚ್ಚಿಲ್ಲವಾದರೆ ನಾಚಿಕೆ ಬಿಟ್ಟು ಹೊರಗೆ ಹೋಗಿ ಇನ್ನೊಮ್ಮೆ ಬನ್ನಿ. ಮೊದಲು ಗಾಳಿ ಬರುವ ಕಡೆಯ ಹಗ್ಗ ದಡಕ್ಕೆ, ಆಮೇಲೆ ಇನ್ನೊಂದು. ಎರಡೂ ಕಟ್ಟಿದ ಮೇಲೆ ಸರಪಳಿ ಬಿಗಿದು, ದೋಣಿಯನ್ನು ಧಕ್ಕೆಯಿಂದ ಒಂದೂವರೆ ಮೀಟರ್ ದೂರ ನಿಲ್ಲಿಸಿ. ಹಳೆಯ ಧಕ್ಕೆಗಳ ಬುಡದಲ್ಲಿ ನೀರೊಳಗೆ ಕಲ್ಲಿನ ರಾಶಿ ಇರುತ್ತದೆ. ಚುಕ್ಕಾಣಿ ಮುರಿಯುವುದು ಅದಕ್ಕೇ. ದೊಡ್ಡ ಫೆರಿ ಬಂದಾಗ ಅಲೆ ಎದ್ದು ದೋಣಿ ಹಿಂದೆ ಮುಂದೆ ಓಡುತ್ತದೆ, ರಾತ್ರಿ ಮಲಗುವ ಮುಂಚೆ ಹಲಗೆ ಸೇತುವೆ ಎತ್ತಿಡಿ.

ಸಾಮಾನ್ಯ ತಪ್ಪು ಒಂದೇ, ಲಂಗರನ್ನು ತೀರಾ ಹತ್ತಿರ ಬಿಡುವುದು. 20 ಮೀಟರ್ ಸರಪಳಿ ಮೇಲೆ ಸಂಜೆ ಚೆನ್ನಾಗಿಯೇ ನಿಂತಿರುತ್ತದೆ. ರಾತ್ರಿ ಎರಡಕ್ಕೆ ಅಡ್ಡಗಾಳಿ ಎದ್ದಾಗ ಹಿಂಭಾಗ ಧಕ್ಕೆಗೆ ಬಡಿಯುತ್ತದೆ.

ಗಾಳಿಪಟ
ಲಂಗರುಸರಪಳಿ ಸರ್, ತುಂಬ ಉಪಕಾರ. ಸರಪಳಿ ಎತ್ತುವ ಯಂತ್ರ ಕೈಕೊಟ್ಟರೆ? ಬೇರೆಯವರ ಸರಪಳಿಗೆ ನಮ್ಮದು ಸಿಕ್ಕಿಕೊಂಡರೆ?

ಲಂಗರುಸರಪಳಿ
ಯಂತ್ರ, ಅಂದರೆ ವಿಂಡ್‌ಲಾಸ್, ಬ್ಯಾಟರಿಯನ್ನು ಹೀರುತ್ತದೆ. ಎಂಜಿನ್ ನಿಮಿಷಕ್ಕೆ 1500 ಸುತ್ತಿನ ಆಸುಪಾಸಿನಲ್ಲಿ ಓಡುತ್ತಿರುವಾಗ ಮಾತ್ರ ಬಳಸಿ. ದೋಣಿಯನ್ನು ಅದರಿಂದ ಎಳೆಸಬೇಡಿ. ಎಂಜಿನ್‌ನಿಂದ ಮುಂದೆ ಹೋಗಿ, ಸಡಿಲವಾದ ಸರಪಳಿಯನ್ನಷ್ಟೇ ಅದು ಎತ್ತಲಿ. ಭಾರ ಹೆಚ್ಚಾದರೆ ಬ್ರೇಕರ್ ಬೀಳುತ್ತದೆ. ಅದು ಇರುವುದು ಸಾಮಾನ್ಯವಾಗಿ ಒಳಗಿನ ಕೋಣೆಯಲ್ಲಿ ಎಲ್ಲೋ ಮೂಲೆಗೆ, ಶನಿವಾರವೇ ಕೇಳಿ ನೋಡಿಕೊಳ್ಳಿ. ಇನ್ನೊಂದು ತೊಂದರೆ: ಮೇಲೆ ಬಂದ ಸರಪಳಿ ಗೂಡಿನಲ್ಲಿ ಗೋಪುರವಾಗಿ ನಿಂತು ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಒಬ್ಬರು ಆಗಾಗ ಗೋಪುರ ಉರುಳಿಸಬೇಕು. ಕೈಯಲ್ಲಲ್ಲ, ಕೋಲಿನಲ್ಲಿ. ಬೆರಳು ಮುಖ್ಯ.

ಸರಪಳಿ ಸಿಕ್ಕಿಕೊಳ್ಳುವುದಕ್ಕೆ ಹೈಡ್ರಾ ಬಂದರು ಹೆಸರುವಾಸಿ. ಚಿಕ್ಕದು, ಆಳ, ಎಲ್ಲರ ಸರಪಳಿಯೂ ಅಡ್ಡಾದಿಡ್ಡಿ. ನಿಮ್ಮ ಲಂಗರು ಬೇರೆಯವರ ಸರಪಳಿಯನ್ನು ಹೊತ್ತುಕೊಂಡು ಮೇಲೆ ಬಂದರೆ ಗಾಬರಿ ಬೇಡ. ನೀರಿನ ಮಟ್ಟಕ್ಕೆ ತನ್ನಿ. ಒಂದು ಹಗ್ಗದ ತುದಿಯನ್ನು ನಿಮ್ಮ ಕ್ಲೀಟ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ಆ ಸರಪಳಿಯ ಅಡಿಯಿಂದ ದೋಣಿಕೊಕ್ಕೆಯಲ್ಲಿ ಹಾಯಿಸಿ ಮೇಲೆ ತಂದು ಅಲ್ಲೇ ಬಿಗಿಯಿರಿ. ಈಗ ನಿಮ್ಮ ಲಂಗರನ್ನು ಒಂದು ಮೀಟರ್ ಇಳಿಸಿ. ಬೇರೆಯವರ ಸರಪಳಿ ಹಗ್ಗದ ಮೇಲೆ ಕೂರುತ್ತದೆ, ಲಂಗರು ಕಳಚುತ್ತದೆ. ದೋಣಿ ಸ್ವಲ್ಪ ಹಿಂದಕ್ಕೆ ಸರಿಯಲಿ, ಲಂಗರು ಎತ್ತಿ, ಹಗ್ಗದ ಒಂದು ತುದಿ ಬಿಡಿ. ಸರಪಳಿ ತಾನಾಗಿ ಮುಳುಗುತ್ತದೆ.

ಮಲ್ಪೆಧಕ್ಕೆ
ಬಯಲು ಕೊಲ್ಲಿಯಲ್ಲಿ ಲಂಗರು ಬಿಡುವುದಾದರೆ ನೀರಿನ ಬಣ್ಣ ನೋಡಿ. ತಿಳಿ ಹಸಿರು ಅಂದರೆ ಮರಳು, ಕಪ್ಪಗಿದ್ದರೆ ಪೊಸಿಡೋನಿಯಾ ಹುಲ್ಲು. ಹುಲ್ಲಿನ ಮೇಲೆ ಲಂಗರು ಜಾರುತ್ತದೆ, ಹುಲ್ಲೂ ಹಾಳಾಗುತ್ತದೆ. ಶಾಂತ ರಾತ್ರಿಗೆ ಆಳದ ಐದರಷ್ಟು ಸರಪಳಿ, ಮೆಲ್ಟೆಮಿ ಇದ್ದರೆ ಏಳರಷ್ಟು. ಆಳ ಅಂದರೆ ನೀರಿನ ಆಳ ಮಾತ್ರ ಅಲ್ಲ, ನೀರಿನಿಂದ ಸರಪಳಿ ಗೂಡಿನ ಎತ್ತರವನ್ನೂ ಸೇರಿಸಿ. ನೀರು 6 ಮೀಟರ್, ಗೂಡು ಒಂದೂವರೆ. ಏಳೂವರೆಯ ಏಳುಪಟ್ಟು 52. ನಿಮ್ಮ ದೋಣಿಯಲ್ಲಿ ಒಟ್ಟು ಎಷ್ಟು ಮೀಟರ್ ಸರಪಳಿ ಇದೆ ಎಂದು ಕೇಳುವುದು ಇದಕ್ಕೇ.

ಬಡಗಣಗಾಳಿ
ಇದಕ್ಕೆ ಒಂದು ಮಾತು ಸೇರಿಸಬೇಕು. ದ್ವೀಪದ ದಕ್ಷಿಣಕ್ಕೆ ಹೋದರೆ ಉತ್ತರದ ಗಾಳಿಗೆ ಮರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅಲೆಗೆ ಮರೆ ನಿಜ. ಗಾಳಿಗೆ ಅಲ್ಲ. ಆಂಡ್ರೋಸ್, ಟಿನೋಸ್, ಅಮೋರ್ಗೋಸ್, ಇಕಾರಿಯಾದಂಥ ಎತ್ತರದ ದ್ವೀಪಗಳಲ್ಲಿ ಗಾಳಿ ಬೆಟ್ಟದ ಬೆನ್ನೇರಿ ಈಚೆಗೆ ಬೀಳುತ್ತದೆ. ಬಯಲು ಸಮುದ್ರದಲ್ಲಿ 25 ಇದ್ದದ್ದು ಬೆಟ್ಟದ ಬುಡದಲ್ಲಿ 40ರ ರಭಸವಾಗಿ ಹೊಡೆಯಬಹುದು, ಅದೂ ನಿಂತು ನಿಂತು, ದಿಕ್ಕು ಬದಲಿಸಿ. ಬೆಟ್ಟದ ನೆತ್ತಿಗೆ ಬಿಳಿ ಮೋಡ ಟೋಪಿಯ ಹಾಗೆ ಕೂತಿದ್ದರೆ ಅದೇ ಎಚ್ಚರಿಕೆ. ತಗ್ಗು ನೆಲದ ಮರೆಯ ಕೊಲ್ಲಿ ಹುಡುಕಿ, ಎತ್ತರದ ದಡದ ಪಕ್ಕ ಹಾಯುವುದಾದರೆ ಹಾಯಿ ಮೊದಲೇ ಕಿರಿದು ಮಾಡಿ.

ರೀಫ್, ಅಂದರೆ ಹಾಯಿ ಕಿರಿದು ಮಾಡುವುದರ ಲೆಕ್ಕ: 17-18 ನಾಟ್‌ಗೆ ಮೊದಲನೆಯದು, 23-24ಕ್ಕೆ ಎರಡನೆಯದು, ಮುಂದಿನ ಹಾಯಿಯನ್ನೂ ಅದಕ್ಕೆ ತಕ್ಕಂತೆ ಸುತ್ತಿ. ಬೆನ್ನುಗಾಳಿಯಲ್ಲಿ ಮೋಸ ಹೋಗಬೇಡಿ. ಏಳು ನಾಟ್‌ನಲ್ಲಿ ಗಾಳಿಯ ಜೊತೆ ಓಡುವಾಗ 25 ನಾಟ್ ಗಾಳಿ ಮುಖಕ್ಕೆ 18 ಅನ್ನಿಸುತ್ತದೆ. ತಿರುಗಿದ ಕೂಡಲೇ 30 ಆಗುತ್ತದೆ.

ಕಡಲತಡಿ
ಹಾಗಾದರೆ ದಾರಿ ಯಾವುದು? ಎರಡು ಹೇಳುತ್ತೇನೆ, ಆಯ್ದುಕೊಳ್ಳಿ.

ಮೊದಲನೆಯದು ಸರೋನಿಕ್ ಕೊಲ್ಲಿ. ಆಲಿಮೋಸ್‌ನಿಂದ ಏಗಿನಾ ಸುಮಾರು 17 ಮೈಲು, ಅಲ್ಲಿಂದ ಪೋರೋಸ್ 15, ಹೈಡ್ರಾ 13, ಎರ್ಮಿಯೋನಿ 10. ಮೆಲ್ಟೆಮಿ ಇಲ್ಲಿ ಬಹಳ ಮಟ್ಟಿಗೆ ಬಲ ಕಳೆದುಕೊಂಡಿರುತ್ತದೆ. ಹಿಂದಿರುಗುವಾಗ ಪಾಲೆಯಾ ಎಪಿಡಾವ್ರೋಸ್‌ನಲ್ಲಿ ಕಟ್ಟಿ, ಟ್ಯಾಕ್ಸಿ ಹಿಡಿದು ಕ್ರಿ.ಪೂ. 4ನೇ ಶತಮಾನದ ರಂಗಮಂದಿರ ನೋಡಬಹುದು. ಇತಿಹಾಸ ಕೇಳಿದಿರಿ: ಹೈಡ್ರಾದ ಹಡಗು ಮಾಲೀಕರು 1821ರ ಸ್ವಾತಂತ್ರ್ಯ ಯುದ್ಧಕ್ಕೆ ತಮ್ಮ ವ್ಯಾಪಾರದ ಹಡಗುಗಳಿಗೇ ಫಿರಂಗಿ ಏರಿಸಿದವರು. ನೌಕಾಪಡೆ ನಡೆಸಿದ ಮಿಯಾವುಲಿಸ್‌ನ ನೆಲೆ ಅದು. ಈಗಲೂ ಊರೊಳಗೆ ಕಾರಿಲ್ಲ, ಸಾಮಾನು ಹೇಸರಗತ್ತೆಯ ಮೇಲೆ.

ಎರಡನೆಯದು ಪಶ್ಚಿಮ ಸಿಕ್ಲಡೀಸ್ ಸುತ್ತು. ದೋಣಿಯನ್ನು ಆಲಿಮೋಸ್ ಬದಲು ಸೂನಿಯೋದ ಆಚೆ ಬದಿಯ ಲಾವ್ರಿಯೋದಿಂದ ತೆಗೆದುಕೊಳ್ಳಿ. ಸೂನಿಯೋ ಸುತ್ತುವ ಒಂದು ದಿನ ಹೋಗಿಬರಲು ಎರಡೂ ಕಡೆ ಉಳಿಯುತ್ತದೆ, ವಿಮಾನ ನಿಲ್ದಾಣವೂ ಹತ್ತಿರ. ಭಾನುವಾರ ಕೇಯಾ ದ್ವೀಪದ ವೂರ್ಕಾರಿ, 13 ಮೈಲು. ಸೋಮವಾರ ಮುಂಜಾನೆ ಹೊರಟು ಸೀರೋಸ್ ದ್ವೀಪದ ಫಿನಿಕಾಸ್, 32 ಮೈಲು, ಗಾಳಿ ಹಿಂಬದಿಯ ಓರೆಯಿಂದ. ಕಾವೊ ಡೋರೊದಿಂದ ಬರುವ ಅಲೆ ಈ ದಾರಿಯಲ್ಲಿ ಪಕ್ಕಕ್ಕೆ ಹೊಡೆಯುತ್ತದೆ, ವಾಂತಿ ಮಾತ್ರೆ ಹೊರಡುವ ಒಂದು ಗಂಟೆ ಮೊದಲೇ ನುಂಗಿ. ಮಂಗಳವಾರ ಅಲ್ಲೇ ಇದ್ದು ಬಸ್ಸಿನಲ್ಲಿ ಎರ್ಮೂಪೋಲಿ ನೋಡಿ. 1820ರ ದಶಕದಲ್ಲಿ ಕೀಯೋಸ್, ಪ್ಸಾರಾ ದ್ವೀಪಗಳಿಂದ ಓಡಿಬಂದ ನಿರಾಶ್ರಿತರು ಕಟ್ಟಿದ ಊರು, ಗ್ರೀಸ್‌ನ ದೊಡ್ಡ ಬಂದರಾಗಿ ಬೆಳೆಯಿತು. ಬುಧವಾರ ಪಶ್ಚಿಮಕ್ಕೆ ಕಿತ್ನೋಸ್‌ನ ಲೂತ್ರಾ, 22 ಮೈಲು, ಗಾಳಿ ಪಕ್ಕದಿಂದ. ಲೂತ್ರಾ ಬಂದರು ಪುಟ್ಟದು, ಮಧ್ಯಾಹ್ನಕ್ಕೇ ತುಂಬುತ್ತದೆ. ಈಶಾನ್ಯದ ಅಲೆ ಜೋರಿದ್ದರೆ ಅದರ ಬಾಯಿಗೆ ನುಗ್ಗಬೇಡಿ, ದ್ವೀಪದ ಪಶ್ಚಿಮದ ಕೊಲೋನಾಗೆ ಹೋಗಿ. ಅಲ್ಲಿ ಮರಳದಿಣ್ಣೆಯ ಎರಡೂ ಬದಿಗೆ ಕೊಲ್ಲಿ. ಗುರುವಾರ ಕೇಯಾಗೆ 16 ಮೈಲು. ವಾರದಲ್ಲಿ ಗಾಳಿಗೆ ನೇರ ಎದುರು ಹೋಗಬೇಕಾದ್ದು ಇದೊಂದೇ. ಟ್ಯಾಕ್ ಮಾಡಿದರೆ 27 ಮೈಲು, ಐದೂವರೆ ಗಂಟೆ. ಗುರುವಾರ ಗಾಳಿ ಕೆಟ್ಟರೆ ಶುಕ್ರವಾರ ಇದ್ದೇ ಇದೆ, ಕೇಯಾ ಬಿಟ್ಟು ನೇರ ಲಾವ್ರಿಯೋಗೆ ಬನ್ನಿ. ಶುಕ್ರವಾರ ಕೇಯಾದಿಂದ ಲಾವ್ರಿಯೋಗೆ ಮರಳುವ 13 ಸೇರಿ ಒಟ್ಟು 96 ಮೈಲು.

ವಾರದ ಬಾಡಿಗೆಯಲ್ಲಿ ಅತಿ ದೂರದ ಜಾಗ ಮಂಗಳವಾರಕ್ಕೆ ಮುಗಿದಿರಬೇಕು. ಬುಧವಾರದಿಂದ ಮುಖ ಮನೆ ಕಡೆಗೆ.

ಓಲೆಗರಿ
ಲಾವ್ರಿಯೋ ಅಂದಮೇಲೆ ಸುಮ್ಮನಿರಲಾಗಲಿಲ್ಲ. ಆ ಬಂದರಿನ ಹಿಂದಿನ ಗುಡ್ಡಗಳೇ ಅಥೆನ್ಸ್‌ನ ಬೆಳ್ಳಿ ಗಣಿ. ಕ್ರಿ.ಪೂ. 483ರ ಸುಮಾರಿಗೆ ಅಲ್ಲಿ ಹೊಸ ಅದಿರು ಸಿಕ್ಕಾಗ ಹಣವನ್ನು ನಾಗರಿಕರಿಗೆ ಹಂಚುವ ಬದಲು ಯುದ್ಧದ ಹಡಗು ಕಟ್ಟಿಸಿ ಎಂದು ಅಲ್ಲಿನ ನಾಯಕ ತೆಮಿಸ್ಟೋಕ್ಲಿಸ್ ಒಪ್ಪಿಸಿದ. ಮೂರು ವರ್ಷದ ಮೇಲೆ ಸಲಾಮಿಸ್‌ನಲ್ಲಿ ಪರ್ಷಿಯನ್ನರ ನೌಕಾಪಡೆಯನ್ನು ಸೋಲಿಸಿದ್ದು ಆ ಹಡಗುಗಳು. ಇನ್ನು ಕೇಯಾ ಪಕ್ಕದ ಕಾಲುವೆಯ ತಳದಲ್ಲಿ ಟೈಟಾನಿಕ್‌ನ ಸೋದರಿ ಬ್ರಿಟಾನಿಕ್ ಮಲಗಿದೆ, 1916ರ ನವೆಂಬರ್ 21ರಂದು ಆಸ್ಪತ್ರೆ ಹಡಗಾಗಿದ್ದಾಗ ಮುಳುಗಿದ್ದು, ಸುಮಾರು 120 ಮೀಟರ್ ಆಳದಲ್ಲಿ.

ಬಡಗಣಗಾಳಿ
ಅದೇ ಕಾಲುವೆಯಲ್ಲಿ ಇವತ್ತೂ ಸರಕು ಹಡಗುಗಳ ಸಾಲು. ಅಡ್ಡ ದಾಟುವಾಗ ಎಐಎಸ್ (ಸುತ್ತಲಿನ ಹಡಗುಗಳನ್ನು ತೋರಿಸುವ ಸಾಧನ) ನೋಡುತ್ತಿರಿ. 20 ನಾಟ್‌ನ ಹಡಗು ಆರು ಮೈಲು ದೂರದಲ್ಲಿ ಕಂಡರೆ 18 ನಿಮಿಷಕ್ಕೆ ನಿಮ್ಮ ಮೇಲಿರುತ್ತದೆ. ದೀಪ, ತೇಲುಗುರುತುಗಳ ಪದ್ಧತಿ ಭಾರತದ್ದೇ: ಬಂದರಿಗೆ ಬರುವಾಗ ಕೆಂಪು ಎಡಕ್ಕೆ.

ತೆಂಕಪೇಟೆ
ಸ್ಯಾಂಟೊರಿನಿ ಬಿಡಲೇಬೇಕಾ? ಪಾಪ, ಅವರು ಅದಕ್ಕೇ ಹೊರಟದ್ದು.

ಕಡಲತಡಿ
ದೋಣಿ ಮರಳಿಸಿದ ಮೇಲೆ ಪಿರೇಯಸ್‌ನಿಂದ ಫೆರಿಯಲ್ಲಿ ಹೋಗಲಿ. ದೋಣಿಗೆ ಅದು ಒಳ್ಳೆಯ ಜಾಗವೇ ಅಲ್ಲ. ಒಡೆದ ಜ್ವಾಲಾಮುಖಿಯ ಹೊಂಡ, ಒಳಗೆ 300 ಮೀಟರ್ ದಾಟಿದ ಆಳ, ಲಂಗರಿಗೆ ನೆಲವೇ ಸಿಗದು. ದಕ್ಷಿಣದ ವ್ಲಿಹಾದಾ ಮರೀನಾ ಚಿಕ್ಕದು, ಬಾಯಲ್ಲಿ ಮರಳು ತುಂಬಿ ಆಳ ಕಡಿಮೆಯಾಗುತ್ತಿರುತ್ತದೆ. ಸ್ಯಾಂಟೊರಿನಿಯೇ ಬೇಕು ಅಂದರೆ ಎರಡು ವಾರ ತೆಗೆದುಕೊಳ್ಳಿ, ಇಲ್ಲ ಮೇ ಕೊನೆಗೋ ಸೆಪ್ಟೆಂಬರ್ ಕೊನೆಗೋ ಹೋಗಿ.

ಮಲ್ಪೆಧಕ್ಕೆ
ಎಂಜಿನ್ ಬಗ್ಗೆ ಯಾರೂ ಹೇಳಲಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಹಿಂಭಾಗಕ್ಕೆ ಬಗ್ಗಿ ಹೊಗೆಕೊಳವೆಯಿಂದ ನೀರು ಉಗುಳುತ್ತಿದೆಯೇ ನೋಡಿ. ಇಲ್ಲವಾದರೆ ತಕ್ಷಣ ನಿಲ್ಲಿಸಿ: ನೀರು ಸೇದುವ ಕವಾಟ ಮುಚ್ಚಿದೆ, ಇಲ್ಲವೇ ಸೋಸುಕದಲ್ಲಿ ಹುಲ್ಲೋ ಪ್ಲಾಸ್ಟಿಕ್ಕೋ ಸಿಕ್ಕಿದೆ, ಇಲ್ಲವೇ ಪಂಪಿನ ರಬ್ಬರ್ ಚಕ್ರದ ಎಲೆ ಮುರಿದಿದೆ. ಸಮುದ್ರ ಕಲಕಿದಾಗ ಡೀಸೆಲ್ ಟ್ಯಾಂಕಿನ ತಳದ ಗಸಿ ಮೇಲೆದ್ದು ಫಿಲ್ಟರ್ ಕಟ್ಟುತ್ತದೆ, ಎಂಜಿನ್ ನಿಲ್ಲುವುದು ಬಂದರಿನ ಬಾಯಲ್ಲೇ. ಬದಲಿ ಫಿಲ್ಟರ್, ರಬ್ಬರ್ ಚಕ್ರ ಎರಡೂ ದೋಣಿಯಲ್ಲಿವೆಯಾ ಎಂದು ಶನಿವಾರ ಕೇಳಿ. ಬಂದರು ಹೊಕ್ಕುವಾಗ ಹಾಯಿ ಪೂರ್ತಿ ಕಟ್ಟಿಡಬೇಡಿ, ಕೂಡಲೇ ಬಿಚ್ಚುವ ಹಾಗೆ ಇರಲಿ.

ಕಡಲತಡಿ
ಕಾಗದದ ವಿಷಯ. ಸ್ಕಿಪ್ಪರ್ ಪ್ರಮಾಣಪತ್ರ ಒಂದು, ಜೊತೆಗೆ ಇನ್ನೊಬ್ಬ ಅನುಭವಸ್ಥರು ಬೇಕು. ನಿಮ್ಮಲ್ಲಿ ಇಬ್ಬರಿದ್ದಾರೆ, ಸರಿ. ಮುಂಗಡ ಕೊಡುವ ಮೊದಲೇ ಪ್ರಮಾಣಪತ್ರದ ಪ್ರತಿ ಕಳಿಸಿ, ಬಂದರು ಅಧಿಕಾರಿಗಳು ಒಪ್ಪುತ್ತಾರೆಂದು ದೋಣಿ ಕೊಡುವವರಿಂದ ಬರಹದಲ್ಲಿ ಪಡೆಯಿರಿ. ವಿಎಚ್‌ಎಫ್ ರೇಡಿಯೋ ಪ್ರಮಾಣಪತ್ರ ಇದ್ದರೆ ಅದನ್ನೂ ಒಯ್ಯಿರಿ. ಸಿಬ್ಬಂದಿ ಪಟ್ಟಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇರಲಿ. ನಮ್ಮವರ ಇನಿಷಿಯಲ್ ಗೊಂದಲ ಅಲ್ಲಿ ಯಾರಿಗೂ ಅರ್ಥವಾಗದು. 7 ಮೀಟರ್‌ಗಿಂತ ಉದ್ದದ ದೋಣಿಗೆ ಟೆಪೈ ಎಂಬ ತಿಂಗಳ ಶುಲ್ಕ ಇದೆ, ಅದು ಬಾಡಿಗೆಯಲ್ಲಿ ಸೇರಿದೆಯಾ ಕೇಳಿ. ವೀಸಾ ಷೆಂಗೆನ್. ಕೋಸ್ ಕಡೆಯಿಂದ ಟರ್ಕಿಯ ಬೋಡ್ರುಮ್‌ಗೆ ಹಾದು ಬರುವ ಆಸೆ ಯಾರಿಗಾದರೂ ಇದ್ದರೆ, ಒಮ್ಮೆ ಮಾತ್ರ ಪ್ರವೇಶದ ವೀಸಾದಲ್ಲಿ ಗ್ರೀಸ್‌ಗೆ ಮರಳಲಾಗದು, ದೋಣಿಗೂ ಬೇರೆ ಅನುಮತಿ ಬೇಕು.

ಲಂಗರುಸರಪಳಿ
ಆಪತ್ತಿಗೆ ವಿಎಚ್‌ಎಫ್ ಚಾನೆಲ್ 16, ಫೋನಿನಲ್ಲಾದರೆ 112. ಗ್ರೀಕ್ ಕರಾವಳಿ ಪಡೆಯ ನೇರ ಸಂಖ್ಯೆ 108. ನಮ್ಮಲ್ಲಿ ಅಂಬುಲೆನ್ಸ್‌ಗೆ ಇರುವುದೂ ಅದೇ, ಮರೆಯುವ ಮಾತೇ ಇಲ್ಲ.

ಗಾಳಿಪಟ
ಎಲ್ಲರಿಗೂ ನಮಸ್ಕಾರ. ಲಾವ್ರಿಯೋದಿಂದ ಎರಡನೆಯ ದಾರಿ ಅಂತ ತೀರ್ಮಾನ. ಭಾನುವಾರವೇ ಬೋಫರ್ಟ್ ಏಳರ ಗಾಳಿ ಹೇಳಿದ್ದರೆ ಏನು ಮಾಡುವುದು?

ಬಡಗಣಗಾಳಿ
ಲಾವ್ರಿಯೋದಲ್ಲೇ ಕಟ್ಟಿಕೊಂಡಿರಿ. ಸೋಮವಾರವೂ ಇಳಿಯದಿದ್ದರೆ ಸೀರೋಸ್ ಕೈಬಿಟ್ಟು, ಗಾಳಿ ಬೋಫರ್ಟ್ ಐದಕ್ಕೆ ಇಳಿದಾಗ ಕೇಯಾ, ಅಲ್ಲಿಂದ ಕಿತ್ನೋಸ್, ಅಷ್ಟಕ್ಕೇ ನಿಲ್ಲಿಸಿ. ಇಡೀ ವಾರ ಏಳು ಅಂತ ಮುನ್ಸೂಚನೆ ಇದ್ದರೆ ಬೆಳಗಿನ ಹೊತ್ತು ಸೂನಿಯೋ ಸುತ್ತಿ ಸರೋನಿಕ್‌ಗೆ ಹೋಗಬಹುದು. ಆದರೆ ಶುಕ್ರವಾರ ಅದೇ ಭೂಶಿರವನ್ನು ಉತ್ತರಕ್ಕೆ ಸುತ್ತಿ ಬರಬೇಕು, ಕೊನೆಯ ಐದಾರು ಮೈಲು ಎದುರುಗಾಳಿ. ಅದಕ್ಕೆ ಗುರುವಾರ ರಾತ್ರಿ ಸೂನಿಯೋ ದೇವಾಲಯದ ಕೆಳಗಿನ ಕೊಲ್ಲಿಯಲ್ಲೇ ಲಂಗರು ಬಿಟ್ಟಿರಿ. ಶುಕ್ರವಾರ ಐದಕ್ಕೆ ಎದ್ದರೆ ಎಂಟರೊಳಗೆ ಲಾವ್ರಿಯೋ.